ಊರ ಗಿರಣಿಯ ಪಾಳಿ

ಚಚಡಿ ಊರಾಚೆಯ ಹೊಲದಲ್ಲಿ ಕಟ್ಟಿಸಿದ ಹೊಸ ಮನೆಗೆ ಬಂದ ಎರಡು ವರ್ಷದಲ್ಲಿ ಭಾಗೀರಥಿಗೆ ಗಂಡ ಶಟ್ಟೆಪ್ಪ ಏನೂ ಕಡಿಮೆ ಮಾಡಿರಲಿಲ್ಲ. ಅಡುಗೆಮನೆಗೇ ನಳ ಬಂತು. ಬಟ್ಟೆ ಒಗೆಯುವ ಕಲ್ಲು ಹಿತ್ತಲಿಗೇ ಬಂತು. ಕೊನೆಗೆ ಜೋಳ ಬೀಸುವ ಸಣ್ಣ ಗಿರಣಿಯೂ ಬಂತು. "ನನ್ನ ಹೇಣ್ತಿ ಹೊಸ್ತಿಲಾ ದಾಟೂದ ಬ್ಯಾಡ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೊಸ್ತಿಲೊಳಗಿನ ಕೆಲಸ ಮಾತ್ರ ಎಳ್ಳಷ್ಟೂ ಇಳಿಯಲಿಲ್ಲ: ಆರು ಎಮ್ಮೆ, ಅವುಗಳ ಸಗಣಿ, ಆಳುಗಳ ಬುತ್ತಿ.

ಆ ವರ್ಷ ನೆಗಡಿ-ಜ್ವರ ಅವಳನ್ನು ನಾಲ್ಕು ಸಲ ಕೆಡವಿತು. ಆಮೇಲೆ ಪಕ್ಕೆಯ ಮೇಲೆ ಸರ್ಪಸುತ್ತು ಎದ್ದಿತು. ಯರಗಟ್ಟಿಯ ಡಾಕ್ಟರ್ ಅನ್ನಪೂರ್ಣಾ ಅವರು ಗುಳ್ಳೆ ನೋಡಿ, ಗುಳಿಗೆ ಬರೆದು, ಕೇಳಿದರು: "ದಿನಾ ಯಾರ ಜೋಡಿ ಮಾತಾಡ್ತೀರಿ, ಅಕ್ಕಾರ?"

"ಎಮ್ಮಿ ಜೋಡಿ. ತಿರುಗಿ ಮಾತಾಡೂದಿಲ್ರಿ ಅವು, ಅದೊಂದ ಚಲೋ."

ಜೊತೆಗೆ ಬಂದಿದ್ದ ಶಟ್ಟೆಪ್ಪ ನಕ್ಕ. ಡಾಕ್ಟರ್ ನಗಲಿಲ್ಲ. "ಸಣ್ಣಾಕಿ ಇದ್ದಾಗ ನಿಮಗ ಅಮ್ಮ, ಅಂದ್ರ ಚಿಕನ್‌ಪಾಕ್ಸ್, ಎದ್ದಿತ್ತಲ್ರಿ, ಆ ವೈರಸ್ ಮೈಯಾಗ ಮಲಗಿತ್ತು. ಕಾವಲು ಸಡಿಲಾದ್ರ ಏಳತೈತಿ. ವಯಸ್ಸಿಗೂ ಆಗತೈತಿ. ಆದ್ರ ಒಂಟಿತನ, ಚಿಂತಿ ತಿಂಗಳಗಟ್ಟಲೆ ಇದ್ರ ಕಾರ್ಟಿಸಾಲ್ ಅನ್ನೋ ಹಾರ್ಮೋನು ಹದ ತಪ್ಪಿ, ವೈರಸ್ ತಡಿಯೋ ಶಕ್ತಿನ ಕುಗ್ಗತೈತಿ. ಗುಳಿಗಿ ನಾ ಕೊಡತೇನಿ, ಮಂದಿನ್ನ ನೀವ ಹುಡಕೋಬೇಕು. ಗುಳ್ಳಿ ಒಣಗೂ ತನಕ ಬಸುರಿಯರು, ಕೂಸುಗಳ ಹತ್ರ ಮಾತ್ರ ಹೋಗಬ್ಯಾಡ್ರಿ."

"ಎಲ್ಲಾ ಮನಿಗೇ ತಂದಕೊಟ್ಟೇನಲ್ರಿ ನಾ!" ಎಂದ ಶಟ್ಟೆಪ್ಪ.

ಬಸ್ಸಿನಲ್ಲಿ ಭಾಗೀರಥಿ ಅದನ್ನೇ ನೆನೆಸಿಕೊಂಡಳು. ನಳ ಬಂದಾಗ ನೀರಿನ ಕಟ್ಟೆಯ ಜಗಳ ಹೋಯಿತು. ಕಲ್ಲು ಬಂದಾಗ ಹಳ್ಳದ ದಾರಿ ಹೋಯಿತು. ಗಿರಣಿ ಬಂದಾಗ ಊರ ಗಿರಣಿಯ ಪಾಳಿ ಹೋಯಿತು. ಪಾಳಿಯಲ್ಲಿ ನಿಂತು ಗೆಳತಿ ಸಾವಿತ್ರೆವ್ವ ಒಬ್ಬೊಬ್ಬರ ಗಂಡನನ್ನೂ ಅಣಕಿಸುವುದೂ ಹೋಯಿತು.

ಗುಳ್ಳೆ ಪೂರ್ತಿ ಒಣಗುವ ತನಕ ತಡೆದಳು. ಆಮೇಲಿನ ಮಂಗಳವಾರ ಸಂಜೆ ಜೋಳದ ಡಬ್ಬಿ ತಲೆಗೇರಿಸಿದಳು.

"ಮನ್ಯಾಗ ಗಿರಣಿ ಐತಲ್ಲ?" ಎಂದ ಶಟ್ಟೆಪ್ಪ.

"ಐತಿ. ಅದು ಬರೇ ಹಿಟ್ಟ ಕೊಡತೈತಿ."

"ಎಮ್ಮಿ ಹಿಂಡೋರ್ಯಾರು?"

ಅವಳು ಬಕೆಟ್ ತಂದು ಅವನ ಕೈಗಿಟ್ಟಳು. "ಮಂಗಳವಾರ, ಶುಕ್ರವಾರ ನೀವ. ಕರಿ ಎಮ್ಮಿ ಒದಿಯತೈತಿ, ಜ್ವಾಕಿ."

ಊರ ಗಿರಣಿಯಲ್ಲಿ ಸಾವಿತ್ರೆವ್ವ ಹಿಟ್ಟಿನ ಕೈಯಲ್ಲೇ ಅವಳ ಗಲ್ಲ ಹಿಡಿದಳು. "ಏನ ಯವ್ವಾ, ರಾಣಿಗಿ ದಾರಿ ನೆನಪಾತೇನು? ಬಾ, ನನ್ನ ಪಾಳಿ ತಗೋ."

ಮುಂದೆ ಏಳು ಡಬ್ಬಿಗಳಿದ್ದವು. ಭಾಗೀರಥಿ ತನ್ನದನ್ನು ಎಲ್ಲಕ್ಕಿಂತ ಹಿಂದೆ ಇಟ್ಟು, ಅದರ ಪಕ್ಕದಲ್ಲೇ ಕುಂತಳು.

"ಒಲ್ಲೆ. ನಂದು ಕಡೀಕಿರಲಿ."