ತಮ್ಮನ ಪಡೆಯ ಸುದ್ದಿ

ಐರ್ಲೆಂಡಿನ ಅತ್ಲೋನ್ ಊರಿನ ನಮ್ಮ ಮನೆಯಲ್ಲಿ ಕೆಲವು ವರ್ಷ ಬಾಡಿಗೆಗಿದ್ದವಳು ಮ್ಯಾನ್ಮಾರ್‌ನ ಪತ್ರಕರ್ತೆ. ಸೈನ್ಯ ಅಧಿಕಾರ ಹಿಡಿದ ಮೇಲೆ ಅವಳ ಪತ್ರಿಕೆಗೆ ಬೀಗ ಬಿತ್ತು, ಸಂಪಾದಕ ಜೈಲು ಸೇರಿದ, ಇವಳು ಗಡಿ ದಾಟಿ ಹೇಗೋ ಇಲ್ಲಿಗೆ ತಲುಪಿದಳು. ಮಧ್ಯಾಹ್ನದ ಮೇಲೆ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ಬೆಳಗಿನ ಹೊತ್ತು ನಮ್ಮ ಊಟದ ಮೇಜೇ ಅವಳ ಪತ್ರಿಕಾಲಯ. ದೇಶದೊಳಗೆ ಕದ್ದುಮುಚ್ಚಿ ಓಡಾಡುತ್ತಿದ್ದ ವರದಿಗಾರರಿಗೆ ಅಲ್ಲಿಂದಲೇ ಫೋನ್ ಹಚ್ಚಿ, ಸುದ್ದಿ ತಿದ್ದಿ, ಜಾಲತಾಣಕ್ಕೆ ಏರಿಸುತ್ತಿದ್ದಳು.

ಅವಳ ತಮ್ಮ ಸೈನ್ಯದ ವಿರುದ್ಧ ಹೋರಾಡುವ ಪಡೆಯಲ್ಲಿದ್ದ. ಅವನ ಕರೆ ಬಂದ ದಿನ ಅವಳು ಹಾಡು ಗುನುಗುತ್ತ ಪಾತ್ರೆ ತೊಳೆಯುತ್ತಿದ್ದಳು.

ಒಂದು ಶನಿವಾರ ನಾನು ದೋಸೆ ಹುಯ್ಯುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತಳು. ನಾವು ಆಡುತ್ತಿದ್ದುದು ಇಂಗ್ಲಿಷ್. ನನಗೆ ನೆನಪಾಗುವುದು ಮಾತ್ರ ಕನ್ನಡದಲ್ಲೇ.

"ಅಕ್ಕ, ತಮ್ಮನ ಪಡೆಯವ್ರು ಒಬ್ಬ ಮೇಷ್ಟ್ರನ್ನ ಕೊಂದಿದಾರೆ. ಸೈನ್ಯಕ್ಕೆ ಸುಳಿವು ಕೊಟ್ಟ ಅಂತ ಬರೀ ಅನುಮಾನ."

ಮೇಷ್ಟ್ರ ಹೆಂಡತಿಯ ಜೊತೆಗೂ ಹೆಣ ಹೊತ್ತ ನೆರೆಯವನ ಜೊತೆಗೂ ಅವಳೇ ಫೋನಿನಲ್ಲಿ ಮಾತಾಡಿದ್ದಳು.

"ಬರೀತೀಯಾ? ಸೈನ್ಯದವ್ರು ಇದನ್ನೇ ಹಿಡ್ಕೊಂಡು ಕುಣೀತಾರೆ ಕಣೇ."

"ಕುಣೀಲಿ. ಅವ್ರು ಕೊಂದಾಗ ಬರ್ದೆ. ನಮ್ಮವ್ರು ಕೊಂದಾಗ ಸುಮ್ನಿದ್ರೆ ನಾನು ಬರ್ದಿದ್ದಕ್ಕೆಲ್ಲ ಏನು ಬೆಲೆ?"

ಪಡೆಯ ವಕ್ತಾರನ ಮಾತನ್ನೂ ಕೇಳಿ ಸೇರಿಸಿ ಅಂದೇ ಪ್ರಕಟಿಸಿದಳು. ಫೋನಿನ ತುಂಬ ಬೈಗುಳ. ಡಬ್ಲಿನ್‌ನಲ್ಲಿದ್ದ ಅವಳ ದೇಶದವರು ತಮ್ಮ ಹೊಸವರ್ಷದ ನೀರೆರಚುವ ಹಬ್ಬಕ್ಕೆ ಅವಳನ್ನು ಕರೆಯಲಿಲ್ಲ. ತಮ್ಮ ಒಂದೇ ಸಾಲು ಕಳಿಸಿ ಅವಳ ನಂಬರನ್ನು ಬ್ಲಾಕ್ ಮಾಡಿದ: "ನಂಗೆ ಇನ್ನು ಯಾರೂ ಒಡಹುಟ್ಟಿದವ್ರಿಲ್ಲ." ಅದನ್ನು ನನಗೆ ಓದಿ ಹೇಳುತ್ತಲೇ ಅತ್ತಳು. ಆಮೇಲೆ ಮುಖ ತೊಳೆದು ಕೋಟು ಹಾಕಿಕೊಂಡಳು.

"ಇವತ್ತು ರಜ ಹಾಕು," ಅಂದೆ.

"ಐ ಆಮ್ ಗ್ರ್ಯಾಂಡ್," ಎಂದು, ನನಗೇನೂ ಆಗಿಲ್ಲ ಅನ್ನುವುದಕ್ಕೆ ಇಲ್ಲಿಯವರು ಹೇಳುವ ಹಾಗೆಯೇ ಹೇಳಿ ಬಸ್ಸಿಗೆ ಹೊರಟಳು.

ಸುದ್ದಿಯನ್ನು ಅಳಿಸಲಿಲ್ಲ. ಅಲ್ಲಗಳೆಯುತ್ತಲೇ ಇದ್ದ ಪಡೆ, ಬೇರೆ ಪತ್ರಕರ್ತರೂ ಮೇಷ್ಟ್ರ ಹೆಂಡತಿಯನ್ನು ಕಂಡು ಬರೆದ ಮೇಲೆ, ಕೊಂದವರನ್ನು ವಿಚಾರಣೆಗೆ ನಿಲ್ಲಿಸಿತು. ನನಗೆ ಅವಳ ಬಗ್ಗೆ ಅಂಥ ಹೆಮ್ಮೆ, ಆಫೀಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅವಳು ಮಾತ್ರ ತಮ್ಮನ ಕರೆಗಾಗಿ ಕಾಯುತ್ತಿದ್ದಳು.

ಬೇಸಿಗೆ ಕಳೆದ ಮೇಲೆ ಅವನೇ ಫೋನ್ ಮಾಡಿದ. ಅವನಿದ್ದ ಹಳ್ಳಿಯ ಆಸ್ಪತ್ರೆಯ ಮೇಲೆ ಸೈನ್ಯ ಬಾಂಬು ಹಾಕಿತ್ತು. ಅಕ್ಕನೇ ಬರೆಯಬೇಕು ಎಂದ. ಅವಳು ಮೊದಲು ಕೇಳಿದ್ದು, "ನಿಂಗೇನೂ ಆಗಿಲ್ಲ ತಾನೆ?" ಅವನು ಇಲ್ಲ ಎಂದ. ಅವಳು ಕಣ್ಣೊರೆಸಿಕೊಂಡು ಮೇಜಿಗೆ ಕೂತಳು.

"ಸರಿ, ಕಣ್ಣಾರೆ ಕಂಡ ಇನ್ನೊಬ್ರಿಗೆ ಫೋನ್ ಕೊಡು."