ತೊಳೆದಿಟ್ಟ ಕಸ

ಐವತ್ತಕ್ಕೆ ಇನ್ನೊಂದೇ ವರ್ಷ ಬಾಕಿಯಿದ್ದಾಗ ನಾನು ಎರಡು ವರ್ಷದ ಪರಿಸರ ವಿಜ್ಞಾನದ ಎಂ.ಎಸ್ಸಿಗೆ ಸೇರಿದೆ. ಓದಿನ ಆಸೆ ಅಂತ ಬೀದಿಯಲ್ಲೆಲ್ಲ ಹೇಳಿಕೊಂಡಿದ್ದೆ. ನಿಜವೇನೆಂದರೆ, ಫ್ಯಾಕ್ಟರಿಯವರು ನನ್ನನ್ನು ಸ್ಟೋರ್ಸಿನಿಂದ ಪರಿಸರ ವಿಭಾಗಕ್ಕೆ ಹಾಕಿ, ಡಿಗ್ರಿ ತಂದರೆ ಇಲ್ಲೇ ಇರಿ, ಇಲ್ಲದಿದ್ದರೆ ವಾಪಸ್ ಹೋಗಿ ಎಂದಿದ್ದರು. ಸ್ಟೋರ್ಸಿನ ನನ್ನ ಕುರ್ಚಿಯಲ್ಲಿ ಆಗಲೇ ನಾನೇ ಕೆಲಸ ಕಲಿಸಿದವನು ಕೂತಿದ್ದ. ವಾಪಸ್ ಹೋದರೆ ಅವನಿಗೆ ನಾನು ‘ಗುಡ್ ಮಾರ್ನಿಂಗ್ ಸಾರ್’ ಅನ್ನಬೇಕು.

ಯಲಹಂಕದ ಆಚೆಗಿದ್ದ ಕಾಲೇಜಿಗೆ ಮೊದಲ ದಿನ ಹೋದಾಗ ನಾನೇ ಲೆಕ್ಚರರ್ ಅಂದುಕೊಂಡು ಇಡೀ ಕ್ಲಾಸು ಎದ್ದು ನಿಂತಿತು. ಕೂತ್ಕೊಳ್ಳಿ ಎಂದು ಹೇಳಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಗೈಡ್ ಮೇಡಂ ನನಗಿಂತ ಹದಿನೈದು ವರ್ಷ ಚಿಕ್ಕವರು. ನಾನು ಅವರಿಗೆ ಮೇಡಂ, ಅವರು ನನಗೆ ಸರ್.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಉಳಿದವರು ಕೆರೆ ನೀರು, ಏರ್‌ಪೋರ್ಟ್ ರಸ್ತೆಯ ಧೂಳು ಹಂಚಿಕೊಂಡರು. ಕೆರೆಗೆ ಜಾರಿದರೆ? ಧೂಳಿಗೆ ಉಬ್ಬಸ ಬಂದರೆ? ಯೋಚಿಸಿ ಯೋಚಿಸಿ ನಾನು ಅಪಾಯವೇ ಇಲ್ಲದ ವಿಷಯ ಆರಿಸಿದೆ: ವಿದ್ಯಾರಣ್ಯಪುರದ ನಮ್ಮದೇ ಬೀದಿಯ ಕಸ. ನಮ್ಮದೂ ಸೇರಿ ಹದಿನಾಲ್ಕು ಮನೆ. ಒಂದು ವಾರ ದಿನಾ ಬೆಳಿಗ್ಗೆ ಪ್ರತಿ ಮನೆಯ ಚೀಲವನ್ನೂ ಬಿಚ್ಚಿ, ಹಸಿ-ಒಣ ಬೇರೆ ಮಾಡಿ, ತೂಗಿ ಬರೆದುಕೊಳ್ಳುವುದು. ಯಾರಾದರೂ ಬೇಜಾರು ಮಾಡಿಕೊಂಡರೆ ಎಂದು ಹೆದರಿ, ಮೊದಲೇ ಮನೆಮನೆಗೆ ಹೋಗಿ ಹೇಳಿ ಒಪ್ಪಿಗೆ ತಗೊಂಡೆ. ಎಡವಿದ್ದು ಅಲ್ಲೇ.

ಸೋಮವಾರ ಹಾಲಿನ ಪ್ಯಾಕೆಟ್ಟುಗಳು ತೊಳೆದು, ಒಣಗಿಸಿ, ಮಡಚಿದ ಸ್ಥಿತಿಯಲ್ಲಿ ಬಂದವು. ಎದುರು ಮನೆಯ ರಿಟೈರ್ಡ್ ಹೆಡ್‌ಮಿಸ್ಟ್ರೆಸ್ಸರ ಚೀಲದಲ್ಲಿ ಹುರುಳಿಕಾಯಿಯ ನಾರು, ಅದರ ಮೇಲೆ ಎಲ್ಲರಿಗೂ ಕಾಣುವ ಹಾಗೆ ಒಂದು ಹಿಡಿ ಪಿಸ್ತಾ ಸಿಪ್ಪೆ. ಶನಿವಾರ ಸಂಜೆ ಟೆರೇಸಿನಿಂದ ಗ್ಲಾಸಿನ ಸದ್ದು ಕೇಳಿಸುವ ಮೂಲೆಮನೆಯಿಂದ ಬಂದದ್ದು ಬರೀ ಬಾಡಿದ ತುಳಸಿ. ಬುಧವಾರ ನಮ್ಮ ಮನೆಯ ಚೀಲದಲ್ಲೂ ಪಿಸ್ತಾ ಸಿಪ್ಪೆ ಕಂಡಿತು. ನನಗೆ ಕೊಡದೆ ಹೆಂಡತಿ ಒಬ್ಬಳೇ ತಿನ್ನುತ್ತಿದ್ದಾಳೆ ಅಂದುಕೊಂಡು ತೂಕ ಬರೆದುಕೊಂಡೆ.

ಗುರುವಾರ ಇಡೀ ಬೀದಿಯ ಕಸ ಒಂದು ಬಕೆಟ್ಟಿನಲ್ಲಿ ಹಿಡಿಸಿತು. ತಕ್ಕಡಿ ಕೆಟ್ಟಿದೆಯೆಂದು ಹಳೇ ಪೇಪರ್ ಅಂಗಡಿಗೆ ಒಯ್ದು ತೋರಿಸಿದೆ, ಸರಿಯಾಗಿತ್ತು. ಆಮೇಲೆ ಅಕ್ಕಪಕ್ಕದವರೆಲ್ಲ ಊಟ ಬಿಟ್ಟಿದ್ದಾರೇನೋ ಎಂಬ ಚಿಂತೆ ಹತ್ತಿಕೊಂಡಿತು.

ಅದನ್ನು ಬಿಡಿಸಿದವರು ಕಸದ ಗಾಡಿಯ ಅಮ್ಮ. ಶೆಟ್ಟಿಹಳ್ಳಿ ಕಡೆಯವರು, ವರ್ಷಗಳಿಂದ ನಮ್ಮ ಬೀದಿ ಅವರದೇ. ಶುಕ್ರವಾರ ಗಾಡಿ ನಿಲ್ಲಿಸಿ ಕೇಳಿದರು: “ಏನ್ ಸಾರ್, ಕಸಾನೇನು ಹೆಣ್ಣು ನೋಡೋಕೆ ಬರ್ತಾವ್ರಾ? ಎಲ್ರೂ ಇಂಗೆ ಸಿಂಗಾರ ಮಾಡಿ ಕೊಡ್ತಾವ್ರೆ.”

ಆಮೇಲೆ ನನ್ನನ್ನು ಹಿಂದಿನ ರಸ್ತೆಯ ಖಾಲಿ ಸೈಟಿಗೆ ಕರೆದುಕೊಂಡು ಹೋದರು. ಹೋದ ವಾರ ಇಲ್ಲದಿದ್ದ ಒಂದು ಗುಡ್ಡ ಅಲ್ಲಿತ್ತು. ಬೀದಿಯ ಅಸಲಿ ಕಸ. ಅವರು ಕೋಲಿನಿಂದ ಒಂದು ಚೀಲ ಕೆದಕಿದರು. ಹಳಸಿದ ಚಿತ್ರಾನ್ನ, ಪ್ಲಾಸ್ಟಿಕ್ಕು, ಒಡೆದ ಬಲ್ಬು ಎಲ್ಲ ಒಟ್ಟಿಗೆ. ನಡುವೆ ನನ್ನದೇ ಹೆಸರಿದ್ದ ಹಾಳೆ, ಪ್ರಾಜೆಕ್ಟಿನ ಮೊದಲ ಕರಡು. ಅಂಚಿನಲ್ಲಿ ಮೇಡಂ ಕೆಂಪು ಇಂಕಿನಲ್ಲಿ ಬರೆದದ್ದು ಚಿತ್ರಾನ್ನದ ಎಣ್ಣೆಗೂ ಅಳಿಸಿರಲಿಲ್ಲ: ಉದ್ದೇಶ ಸ್ಪಷ್ಟವಿಲ್ಲ.

“ಮೊದ್ಲು ಒಂದ್ ಕಡೆ ಎತ್ತುತಿದ್ದೆ, ಈಗ ಎಲ್ಡ್ ಕಡೆ,” ಎಂದರು ಅವರು. “ನಿಮ್ ಓದು ಯಾವಾಗ ಮುಗೀತದೆ ಸಾರ್?”

ಮನೆಗೆ ಬಂದು, ನಮ್ಮ ಕಸ ಸೈಟಿಗೆ ಯಾಕೆ ಹೋಯಿತು ಎಂದು ಹೆಂಡತಿಯನ್ನು ಕೇಳಿದೆ. ಒಲೆಯಿಂದ ತಿರುಗದೆ ಹೇಳಿದಳು: “ಎಲ್ಲರ ಮನೆದೂ ತೊಳೆದಿಟ್ಟ ಹಾಗಿದೆ. ಪರಿಸರ ಓದೋರ ಮನೆ ಕಸವೇ ಗಲೀಜು ಅಂತ ನಿಮ್ ಮೇಡಂ ಅಂದ್ಕೋಬೇಕಾ?” ಪಿಸ್ತಾ ಸಿಪ್ಪೆಯನ್ನು ಎದುರು ಮನೆಯಿಂದ ಕೇಳಿ ತಂದಿದ್ದಳಂತೆ.

ಪ್ರಾಜೆಕ್ಟ್ ಕೊಡಲು ಉಳಿದಿದ್ದು ಮೂರು ವಾರ. ಬಂದ ತೂಕವನ್ನೇ ಬರೆದುಕೊಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಡಿಗ್ರಿ ಕೈಗೆ ಬರುತ್ತಿತ್ತು. ಎರಡು ದಿನ ಆ ಅಂಕಿಗಳನ್ನು ಬರೆಯುವುದು, ಹೊಡೆದುಹಾಕುವುದು ಮಾಡಿದೆ. ಸೋಮವಾರ ಆ ಎಣ್ಣೆ ಹಾಳೆಯನ್ನೇ ಮೇಡಂ ಮುಂದಿಟ್ಟು ಎಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, ಈ ವಾರದ್ದು ಲೆಕ್ಕಕ್ಕಿಲ್ಲ, ಮತ್ತೆ ಮಾಡಿ, ಈ ಸಲ ಮನೆಮನೆಯದು ಬೇಡ, ಎಲ್ಲ ಗಾಡಿಯಲ್ಲಿ ಬೆರೆತ ಮೇಲೆ ತೂಗಿ ಎಂದರು. ಟೈಮ್ ಸಾಲುತ್ತಾ ಅಂತಲೂ ಕೇಳಿದರು. ಜನ್ಮದಲ್ಲಿ ಮೊದಲ ಸಲ, ಯೋಚನೆ ಮಾಡದೆ, ಸಾಲುತ್ತೆ ಅಂದೆ.

ಗಾಡಿಯ ಅಮ್ಮ ಒಂದು ಷರತ್ತಿನ ಮೇಲೆ ಒಪ್ಪಿದರು: ಸೈಟಿನ ಗುಡ್ಡ ಎತ್ತಲು ನಾನೂ ಬರಬೇಕು. ಹೋದೆ. ಹೆಂಡತಿಯೂ ಬಂದಳು, ಗುರುತು ಸಿಗದಂತೆ ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ದುಪಟ್ಟಾ ಸುತ್ತಿಕೊಂಡು. ಯಾರ ಕಸ ಯಾವುದೆಂದು ಇನ್ನು ಗೊತ್ತಾಗುವುದಿಲ್ಲ ಎಂದು ಬೀದಿಗೆಲ್ಲ ಹೇಳಿಬಂದೆ. ಮರುದಿನ ಗಾಡಿ ತುಂಬಿ ಬಂತು: ಬಾಟಲಿ, ಹಳಸಿದ ಸಾಂಬಾರು, ತೊಳೆಯದ ಪ್ಯಾಕೆಟ್ಟು. ಅಷ್ಟು ಗಲೀಜು ನೋಡಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಪಾಸಾದೆ, ಸೆಕೆಂಡ್ ಕ್ಲಾಸು. ಪರಿಸರ ವಿಭಾಗದಲ್ಲೇ ಉಳಿದೆ. ಪೇಡೆ ಕೊಡಲು ಹೋದಾಗ ಹೆಡ್‌ಮಿಸ್ಟ್ರೆಸ್ ಡಬ್ಬಿ ಮುಟ್ಟುವ ಮೊದಲು ನನ್ನ ಮುಖ ನೋಡಿದರು.

“ಸಂತೋಷ ಕಣ್ರೀ. ಇನ್ನು ಪಿಎಚ್‌ಡಿ ಗಿಎಚ್‌ಡಿ ಅಂತ ಹೊರಡಲ್ಲ ತಾನೇ?”

ಇಲ್ಲ ಎಂದ ಮೇಲೆಯೇ ಪೇಡೆ ತಗೊಂಡರು.