ಅವ್ವ ಕುಟ್ಟಿಕೊಟ್ಟ ಇಂಗಾಲ

ನಕ್ಕರಲ್ಲ ನನ್ನ ಪಿಎಚ್‌ಡಿ ಗೈಡ್, ಅದು ನೆನಪಾದರೆ ಈಗಲೂ ಮೈ ಉರಿಯುತ್ತದೆ. ನನ್ನನ್ನು ಬೈದಿದ್ದರೆ ಸಹಿಸುತ್ತಿದ್ದೆ. ನಕ್ಕಿದ್ದು ನಮ್ಮವ್ವನನ್ನು ಆಡಿಕೊಂಡು.

ನೀರಿಗೆ ಕರೆಂಟ್ ಹಾಯಿಸಿದರೆ ಹೈಡ್ರೋಜನ್ ಬರುತ್ತದೆ. ಉರಿಸಿದರೆ ಹೊಗೆ ಏಳದ ಇಂಧನ. ಅದನ್ನು ಸಲೀಸಾಗಿ ಬಿಡಿಸಲು ಪ್ಲಾಟಿನಂನಂಥ ದುಬಾರಿ ಲೋಹದ ವೇಗವರ್ಧಕ ಬೇಕು. ಅದರ ಜಾಗದಲ್ಲಿ ಲೋಹವೇ ಇಲ್ಲದ ಇಂಗಾಲ ಸಾಕೆಂದು ತೋರಿಸಬೇಕು, ಇದು ಗೈಡ್ ಅವರ ಹಟ. ಹಾಗಾಗಿ ನಾನು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಸಿಪ್ಪೆ ತಂದು, ಗಾಳಿ ಆಡದ ಕುಲುಮೆಯಲ್ಲಿ ಸುಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ನ್ಯಾನೋ ಇಂಗಾಲ ಮಾಡುತ್ತಿದ್ದೆ.

ಆ ವರ್ಷ ನಾಗರ ಪಂಚಮಿಗೆ ಸಂಪಗಾಂವದ ತವರಿಗೆ ಹೋಗುವಾಗ ಇಂಗಾಲದ ಗಟ್ಟಿ ತುಂಡುಗಳ ಡಬ್ಬಿಯನ್ನೂ ಒಯ್ದೆ. ಲ್ಯಾಬಿನ ಪುಡಿ ಮಾಡುವ ಯಂತ್ರ ಕೆಟ್ಟು ಕೂತಿತ್ತು. ಜೊತೆಗೆ ತಂದಿದ್ದ ಪಿಂಗಾಣಿ ಬಟ್ಟಲಲ್ಲಿ ಅರೆಯಲು ಕೂತರೆ ಅವ್ವ ಬಿಡಬೇಕಲ್ಲ! ಪಂಚಮಿಗೆ ಬಂದ ಮಗಳ ಕೈಯಿಂದ ಕುಟ್ಟುವ, ಬೀಸುವ ಕೆಲಸ ಮಾಡಿಸಬಾರದು ಎಂಬುದು ನಮ್ಮ ಮನೆಯ ಪದ್ಧತಿ.

"ಹಬ್ಬಕ್ಕ ಬಂದೀಯೋ, ದುಡ್ಯಾಕ ಬಂದೀಯೋ? ಏಳು, ಜೋಕಾಲಿ ಆಡು ಹೋಗು" ಎಂದು ಎಬ್ಬಿಸಿದಳು.

ಜೋಕಾಲಿ ಆಡಿ ಬರುವಷ್ಟರಲ್ಲಿ ಡಬ್ಬಿಯಲ್ಲಿ ಕಾಡಿಗೆಯಂಥ ನುಣ್ಣನೆಯ ಪುಡಿ. ನನ್ನ ಬಟ್ಟಲಲ್ಲೇ ಅರೆದಿದ್ದಾಳೆ ಅಂದುಕೊಂಡೆ.

ಆ ಪುಡಿ ಕೆಲಸ ಮಾಡಿತು ನೋಡಿ! ವಿದ್ಯುದ್ವಾರಕ್ಕೆ ಬಳಿದು ಸ್ವಿಚ್ ಹಾಕಿದರೆ, ಕುದಿಯುವ ಎಸರಿನ ಹಾಗೆ ಗುಳ್ಳೆಗಳೆದ್ದವು. ಗೈಡ್ ಕುಣಿದಾಡಿದರು. ಲೋಹರಹಿತ ಇಂಗಾಲದ ಸಾಧನೆ ಎಂದು ಲೇಖನ ಬರೆದೂ ಬಿಟ್ಟರು. ಆದರೆ ಆಮೇಲೆ ಲ್ಯಾಬಿನಲ್ಲಿ ಅರೆದ ಒಂದು ಪುಡಿಯೂ ಹಾಗೆ ಗುಳ್ಳೆ ಎಬ್ಬಿಸಲಿಲ್ಲ. ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದು ಅವ್ವನಿಗೆ ಫೋನ್ ಮಾಡಿದೆ.

"ಮತ್ತ ತಗೊಂಡು ಬಾ, ಕುಟ್ಟಿ ಕೊಡತೇನಿ" ಅಂದಳು.

"ಯಾವುದರಾಗ ಕುಟ್ಟಿದ್ದಿ ಯವ್ವಾ?"

"ನಿನ್ನ ಬಟ್ಟಲಾ ಒಡದೀತಂತ ಕಬ್ಬಿಣದ ಕುಟ್ಟಾಣ್ಯಾಗ ಕುಟ್ಟಿದೆ. ಚೊಲೋತ್ನಂಗ ತೊಳದಿದ್ದೆ ಮತ್ತ!"

ಉಳಿದ ಪುಡಿಯನ್ನು ಪರೀಕ್ಷೆ ಮಾಡಿದೆ. ಗಟ್ಟಿ ಇಂಗಾಲವನ್ನು ಕುಟ್ಟುವಾಗ ಕುಟ್ಟಾಣಿಯೇ ಸವೆದು ಕಬ್ಬಿಣ ಸೇರಿಕೊಂಡಿತ್ತು. ಗುಳ್ಳೆ ಎಬ್ಬಿಸಿದ್ದು ಆ ಕಬ್ಬಿಣ. ಓಡಿಹೋಗಿ ಗೈಡ್‌ಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಲೇಖನದಾಗ ನಿಮ್ಮವ್ವನ ಹೆಸರೂ ಹಾಕೂಣೇನ್ರಿ? ಚಟ್ನಿ ಕುಟ್ಟೋರು ವಿಜ್ಞಾನಕ್ಕ ಕೈ ಹಾಕಿದ್ರ ಹಿಂಗ ಆಗೂದು!" ನಗು ಮುಗಿದ ಮೇಲೆ ದನಿ ಇಳಿಸಿದರು. "ಈ ಸುದ್ದಿ ಹೊರಗ ಬಂದ್ರ ನಿಮ್ಮ ಪಿಎಚ್‌ಡಿ ಮುಗೀತಂತ ತಿಳ್ಕೊರಿ."

ಅಬ್ಬಬ್ಬಾ, ಏನು ಸೊಕ್ಕು! ನಮ್ಮವ್ವ ಮಗಳ ಕೈ ನೋಯಬಾರದೆಂದು ಕುಟ್ಟಿದಳು. ಈ ಮನುಷ್ಯ ಎಲ್ಲ ತಿಳಿದೂ ಸುಳ್ಳು ಅಚ್ಚು ಹಾಕಿಸಲು ಹೊರಟಿದ್ದರು, ಅದೂ ನನ್ನ ಹೆಸರು ಜೋಡಿಸಿ.

ಕೆಲವೇ ದಿನಗಳಲ್ಲಿ ವಿಭಾಗದ ಸಭೆ ಬಂತು. ಹೊರಗಿನಿಂದ ಬಂದ ಪ್ರಾಧ್ಯಾಪಕರ ಎದುರು ಗೈಡ್ ಅದೇ ಪುಡಿಯ ಸೀಸೆ ಎತ್ತಿ ಹಿಡಿದು, ಇದರಲ್ಲಿ ಲೋಹದ ಸುಳಿವೂ ಇಲ್ಲ ಎಂದರು. ನಾನು ಸೀದಾ ಎದ್ದು ಹೋಗಿ, ಅವರ ಕೈಯಲ್ಲಿದ್ದ ಸೀಸೆಗೇ ನಾನು ಒಯ್ದಿದ್ದ ಅಯಸ್ಕಾಂತ ಹಿಡಿದೆ. ಕರಿ ಪುಡಿ ಗಾಜಿನ ಗೋಡೆ ಹತ್ತಿ ಅಂಟಿಕೊಂಡು ನಿಂತಿತು.

"ಏನ್ರಿ ಇದು?" ಎಂದರು ಬಂದ ಪ್ರಾಧ್ಯಾಪಕರು.

"ನಮ್ಮವ್ವನ ಕುಟ್ಟಾಣಿ, ಸರ್" ಅಂದೆ.

ಗೈಡ್ ನನ್ನನ್ನು ಕೈಬಿಟ್ಟರು. ಬೇರೆ ಗೈಡ್ ಇನ್ನೂ ಸಿಕ್ಕಿಲ್ಲ. ಆದರೆ ಅವತ್ತು ಸಭೆಯಲ್ಲಿ ಆ ಮನುಷ್ಯ ನಗಲಿಲ್ಲ.